ಎಡಗಡೆ ಪಿಸ್ಟನ್ ಮಾತ್ರ ಯಾಕೆ ತೂತಾಯ್ತು?

(ಕುಂದಾಪುರದಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಪಿಸ್ಟನ್ ನೋಡಿ. ಮುಂದಿನ ಸಾಲಿನಿಂದ ಹಿಂದಕ್ಕೆ ಕೈಯಿಂದ ಕೈಗೆ ಕಳಿಸಿ. ನೆತ್ತಿಯ ನಡುವೆ ಬೆರಳು ತೂರುವಷ್ಟು ತೂತಿದೆ. ತೂತಿನ ಅಂಚು ಮೇಣ ಕರಗಿದ ಹಾಗೆ ಒಳಕ್ಕೆ ಇಳಿದಿದೆ. ಇದನ್ನು ಯಾರೂ ಸುತ್ತಿಗೆಯಿಂದ ಹೊಡೆದಿಲ್ಲ. ಎಂಜಿನ್ ಓಡುತ್ತಿರುವಾಗಲೇ ಅಲ್ಯೂಮಿನಿಯಂ ಕರಗಿ ಕೆಳಗೆ ಬಿದ್ದಿದೆ.

ನಾನು ಹನ್ನೊಂದು ವರ್ಷ ಶಾರ್ಜಾದಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡಿದೆ. ಮರಳುಗಾಡಿನಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕುಗಳೇ ನಮ್ಮ ಕೆಲಸ. ಅಲ್ಲಿ ಅದಕ್ಕೆ ಕ್ವಾಡ್ ಅಂತಾರೆ. ಈ ಪಿಸ್ಟನ್ ಒಂದು ಯಮಹಾ ಬ್ಯಾನ್‌ಶೀಯದು. ಆ ಗಾಡಿ ನಮ್ಮ ಹತ್ತಿರ ಬರುವಾಗ ಅದರ ಎಡಗಡೆ ಪಿಸ್ಟನ್ ಮೂರನೇ ಸಲ ತೂತಾಗಿತ್ತು. ಬಲಗಡೆಯದು ಒಂದು ಸಲವೂ ಆಗಿರಲಿಲ್ಲ. ಇವತ್ತು ನಿಮಗೆ ಹೇಳಬೇಕಾದ್ದೆಲ್ಲ ಈ ಒಂದು ಗಾಡಿಯ ಕಥೆಯಲ್ಲೇ ಇದೆ.

ಬ್ಯಾನ್‌ಶೀಯನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಆದರೆ ಅದರ ಎಂಜಿನ್ ನಮಗೆ ದೂರದ ನೆಂಟ. ಎಸ್ಕಾರ್ಟ್ಸ್ ಕಂಪನಿ ನಮ್ಮಲ್ಲಿ ಮಾಡುತ್ತಿದ್ದ ರಾಜ್‌ದೂತ್ 350, ಅಂದರೆ ಆರ್‌ಡಿ, ನೆನಪಿದೆಯಾ? ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 64 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 54. ಎರಡು ಸಿಲಿಂಡರ್ ಸೇರಿ 347 ಸಿಸಿ. ಬ್ಯಾನ್‌ಶೀಯ ಲೆಕ್ಕವೂ ಅಷ್ಟೇ, ಒಂದು ಮಿಲಿಮೀಟರ್ ಆಚೀಚೆ ಇಲ್ಲ. ಆರ್‌ಡಿ ಗಾಳಿಯಿಂದ ತಣ್ಣಗಾಗುತ್ತಿತ್ತು. ಆಮೇಲೆ ಯಮಹಾ ಅದೇ ಅಳತೆಯಲ್ಲಿ ನೀರಿನಿಂದ ತಣ್ಣಗಾಗುವ ಎಂಜಿನ್ ಮಾಡಿತು. ಅದನ್ನೇ ಎತ್ತಿ ಕ್ವಾಡಿನ ಫ್ರೇಮಿನೊಳಗೆ ಕೂರಿಸಿದರು. ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾಯ್ತು. ಆರು ಗೇರು, ಎರಡು 26 ಎಂಎಂ ಮಿಕುನಿ ಕಾರ್ಬುರೇಟರ್. ಸೆಲ್ಫ್ ಇಲ್ಲ, ಕಿಕ್ ಮಾತ್ರ. ರಿವರ್ಸ್ ಇಲ್ಲ. ಆಯಿಲ್ ಪಂಪೂ ಇಲ್ಲ. ಪೆಟ್ರೋಲಿಗೆ ನಾವೇ ಅಳತೆ ಮಾಡಿ ಟೂಟಿ, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನ, ಆಯಿಲ್ ಬೆರೆಸಬೇಕು.

ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳು ದಿಬ್ಬಗಳಲ್ಲಿ ಇದು ಹೆಸರು ಮಾಡಿತು. ಕೊಲ್ಲಿ ದೇಶಗಳಲ್ಲೂ ಇದಕ್ಕೆ ಜೀವ ಬಿಡುವವರಿದ್ದಾರೆ. ದುಬೈಯಿಂದ ಹತ್ತಾಕ್ಕೆ ಹೋಗುವ ದಾರಿಯಲ್ಲಿ ಬಿಗ್ ರೆಡ್ ಅನ್ನುವ ಕೆಂಪು ಮರಳಿನ ದೊಡ್ಡ ದಿಬ್ಬ ಇದೆ. ಶುಕ್ರವಾರ ಸಂಜೆ ಅಲ್ಲಿ ನಿಂತರೆ ಟೂ ಸ್ಟ್ರೋಕಿನ ಹೊಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನನಗೆ ಆ ವಾಸನೆ ಬಂದ ಕೂಡಲೇ ಇಲ್ಲಿಯ ಹಳೇ ಬಸ್ ಸ್ಟ್ಯಾಂಡಿನ ಆರ್‌ಎಕ್ಸ್ 100ಗಳು ನೆನಪಾಗುತ್ತಿದ್ದವು.

ಗಾಡಿಯ ಮಾಲೀಕ ಅಲ್ಲಿಯವನೇ, ಇಪ್ಪತ್ತೆರಡರ ಹುಡುಗ. ಅವನು ಕಂಪನಿಯ ಸೈಲೆನ್ಸರ್ ತೆಗೆದು ದಪ್ಪ ಹೊಟ್ಟೆಯ ಎಕ್ಸ್‌ಪಾನ್ಷನ್ ಪೈಪ್ ಹಾಕಿಸಿದ್ದ. ಏರ್ ಫಿಲ್ಟರ್ ಡಬ್ಬದ ಮುಚ್ಚಳ ತೆಗೆಸಿದ್ದ. ಸಿಲಿಂಡರಿನ ಮುಚ್ಚಳ, ಅಂದರೆ ಹೆಡ್, ಬದಲಾಯಿಸಿ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಏರಿಸಿದ್ದ. ಎರಡು ಗ್ಯಾರೇಜುಗಳಲ್ಲಿ ಎರಡು ಸಲ ಪಿಸ್ಟನ್ ಹಾಕಿಸಿದ್ದ. ಎರಡನೇ ಗ್ಯಾರೇಜಿನವರು ಎಡಗಡೆ ಕಾರ್ಬುರೇಟರಿಗೆ ಮಾತ್ರ ದೊಡ್ಡ ಜೆಟ್, ಅಂದರೆ ಪೆಟ್ರೋಲ್ ಹೋಗುವ ತೂತು ದೊಡ್ಡದಿರುವ ಬಿಡಿಭಾಗ, ಹಾಕಿ ಕಳಿಸಿದ್ದರು. ಆದರೂ ಹೋಯ್ತು.

ನಮ್ಮ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೋಯಿಕ್ಕೋಡಿನವರು. ಎಲ್ಲರೂ ಅವರನ್ನು ಇಕ್ಕಾ ಅನ್ನುತ್ತಿದ್ದೆವು. ಹುಡುಗ ಬಂದವನೇ, "ಇನ್ನೂ ಗಟ್ಟಿ ಪಿಸ್ಟನ್ ಹಾಕಿ, ಇನ್ನೂ ಪವರ್ ಬೇಕು" ಅಂದ. ಇಕ್ಕಾ ಪಾನಾ ಮುಟ್ಟಲಿಲ್ಲ. "ಹಳೇ ಪಿಸ್ಟನ್ ಇದೆಯಾ? ಮೂರನ್ನೂ ತಗೊಂಡು ಬಾ" ಅಂದರು. ಪುಣ್ಯಕ್ಕೆ ಅವನು ಎಸೆದಿರಲಿಲ್ಲ.

ಮೂರನ್ನೂ ಸಾಲಾಗಿ ಇಟ್ಟು ಇಕ್ಕಾ ನನಗೆ ಓದಿಸಿದರು. ಓದಿಸಿದರು ಅಂತಲೇ ಹೇಳುತ್ತೇನೆ. ಸತ್ತ ಪಿಸ್ಟನ್ ಒಂದು ಪತ್ರದ ಹಾಗೆ. ಸುತ್ತ ನಾಲ್ಕು ಮೂಲೆಯಲ್ಲಿ ಗೀರು ಬಿದ್ದಿದ್ದರೆ ಎಂಜಿನ್ ಬಿಸಿಯಾಗುವ ಮೊದಲೇ ರೇಸ್ ಕೊಟ್ಟಿದ್ದಾರೆ ಅಂತ ಅರ್ಥ. ಪಿಸ್ಟನ್ ಬೇಗ ಹಿಗ್ಗಿತು, ಬೋರ್ ಇನ್ನೂ ತಣ್ಣಗೇ ಇತ್ತು. ಫೋರ್ಜ್ ಮಾಡಿದ, ಅಂದರೆ ಲೋಹವನ್ನು ಒತ್ತಿ ಮಾಡಿದ, ಪಿಸ್ಟನ್ ಜಾಸ್ತಿ ಹಿಗ್ಗುತ್ತದೆ. ಅದಕ್ಕೇ ಅದಕ್ಕೆ ಜಾಸ್ತಿ ಕ್ಲಿಯರೆನ್ಸ್ ಬಿಡಬೇಕು, ಜಾಸ್ತಿ ಹೊತ್ತು ವಾರ್ಮ್ ಅಪ್ ಮಾಡಬೇಕು. ಗಾಳಿ ಬರುವ ಬದಿಯಲ್ಲಿ ಬೂದು ಬಣ್ಣಕ್ಕೆ ಸವೆದಿದ್ದರೆ ಮರಳು ಒಳಗೆ ಹೋಗಿದೆ. ಹೊಗೆ ಹೋಗುವ ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಗೀರು ಇದ್ದರೆ ಬಿಸಿ ಜಾಸ್ತಿಯಾಗಿದೆ, ಪೆಟ್ರೋಲ್ ಸಾಕಾಗಿಲ್ಲ. ನೆತ್ತಿಯ ಅಂಚನ್ನು ಇಲಿ ಕಡಿದ ಹಾಗೆ ಚುಕ್ಕಿ ಚುಕ್ಕಿ ಇದ್ದರೆ ಪೆಟ್ರೋಲ್ ಹೊತ್ತಿಲ್ಲ, ಸಿಡಿದಿದೆ. ಕಂಪ್ರೆಷನ್ ಅಥವಾ ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ ಮಿತಿ ಮೀರಿದೆ.

ಈ ಮೂರರ ಅಂಚು ಚೊಕ್ಕ ಇತ್ತು. ಚುಕ್ಕಿ ಇರಲಿಲ್ಲ. ನೆತ್ತಿ ಬೆಳ್ಳಗೆ ಸುಟ್ಟಿತ್ತು, ನಡುವೆ ಕರಗಿತ್ತು. ಪೆಟ್ರೋಲಿಗಿಂತ ಗಾಳಿ ಜಾಸ್ತಿ. ನಮ್ಮ ಭಾಷೆಯಲ್ಲಿ ಲೀನ್. ಆದರೆ ಜೆಟ್ ದೊಡ್ಡದು ಮಾಡಿದ್ದರಲ್ಲ? ಅಂದರೆ ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ.

ಇಕ್ಕಾ ಹುಡುಗನಿಗೆ ಒಂದೇ ಪ್ರಶ್ನೆ ಕೇಳಿದರು. "ರೇಸ್ ಬಿಟ್ಟ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಹಾಗೇ ಕೂಗ್ತಿತ್ತಾ?" ಹುಡುಗ ಹೌದು ಅಂದ. ಅವನಿಗೆ ಅದು ಎಂಜಿನ್ನಿನ ಜೋಷ್ ಅನ್ನಿಸಿತ್ತು. ಅಸಲಿಗೆ ಅದು ಆ ಕಳ್ಳಗಾಳಿಯ ಗುರುತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತದಿಂದ ತಿರುಗುವ ಶಾಫ್ಟ್, ಇರುವ ಕೆಳಗಿನ ಕೋಣೆಯಲ್ಲಿ ಬರೀ ಆಯಿಲ್ ಇರುತ್ತದೆ. ಅಲ್ಲಿ ಸೀಲ್ ಸ್ವಲ್ಪ ಸೋರಿದರೆ ನೆಲದ ಮೇಲೆ ಎಣ್ಣೆ ಬೀಳುತ್ತದೆ, ಅಷ್ಟೇ. ಟೂ ಸ್ಟ್ರೋಕಿನಲ್ಲಿ ಆ ಕೋಣೆಯೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಖಾಲಿಯಾಗಿ, ರೀಡ್ ವಾಲ್ವ್ ತೆರೆದು, ಪೆಟ್ರೋಲ್ ಬೆರೆತ ಗಾಳಿಯನ್ನು ಎಳೆಯುತ್ತದೆ. ಕೆಳಗೆ ಬಂದಾಗ ಅದನ್ನೇ ಒತ್ತಿ, ಸಿಲಿಂಡರ್ ಗೋಡೆಯಲ್ಲಿರುವ ಟ್ರಾನ್ಸ್‌ಫರ್ ಪೋರ್ಟ್ ಅನ್ನುವ ಕಿಂಡಿಯಿಂದ ಮೇಲೆ ತಳ್ಳುತ್ತದೆ. 8,500 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 140ಕ್ಕೂ ಜಾಸ್ತಿ ಸಲ ನಡೆಯುತ್ತದೆ. ಬ್ಯಾನ್‌ಶೀಯಲ್ಲಿ ಸಿಲಿಂಡರಿಗೊಂದು ಇಂಥ ಕೋಣೆ, ಅಕ್ಕಪಕ್ಕ. ಅವುಗಳ ಎರಡು ಹೊರ ತುದಿಗಳಲ್ಲಿ ಎರಡು ರಬ್ಬರ್ ಸೀಲ್ ಇವೆ. ಬಲಗಡೆಯದು ಕ್ಲಚ್ ಕಡೆ, ಎಡಗಡೆಯದು ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ. ಬಿಳಿ ಹೊಗೆ ಬರುತ್ತದೆ, ಆಯಿಲ್ ಕಮ್ಮಿಯಾಗುತ್ತದೆ, ನಮಗೆ ಗೊತ್ತಾಗುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಬರೀ ಗಾಳಿ ಎಳೆಯುತ್ತದೆ. ಹೊಗೆ ಇಲ್ಲ, ಸೋರಿಕೆ ಇಲ್ಲ, ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಪಿಸ್ಟನ್ ಕರಗುತ್ತದೆ.

ಇದನ್ನು ಹಿಡಿಯುವುದಕ್ಕೆ ಲೀಕ್ ಟೆಸ್ಟ್ ಅಂತ ಇದೆ. ಎಕ್ಸಾಸ್ಟ್ ಬಾಯಿಗೂ ಕಾರ್ಬುರೇಟರ್ ಕೂರುವ ಬಾಯಿಗೂ ರಬ್ಬರ್ ಬಿರಡೆ ಹಾಕಿ ಬಿಗಿಯಬೇಕು. ಒಂದು ಬಿರಡೆಯಲ್ಲಿ ಸಣ್ಣ ನಳಿಗೆ, ಅದಕ್ಕೆ ಪಂಪು ಮತ್ತು ಗೇಜು. 6 ಪಿಎಸ್‌ಐ ಒತ್ತಡ ಕೊಟ್ಟು 6 ನಿಮಿಷ ಬಿಡಬೇಕು. ಮುಳ್ಳು ಅಲ್ಲೇ ನಿಂತರೆ ಎಂಜಿನ್ ಗಟ್ಟಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಓಡಿಸಬಾರದು. ಜೋಷಿನಲ್ಲಿ ಜಾಸ್ತಿ ಒತ್ತಡ ಕೊಟ್ಟರೆ ಒಳ್ಳೇ ಸೀಲೂ ಎದ್ದು ಬರುತ್ತದೆ, ಹುಷಾರು.

ಈ ಗಾಡಿಯಲ್ಲಿ ಅರ್ಧ ನಿಮಿಷದೊಳಗೆ ಮುಳ್ಳು ಸೊನ್ನೆಗೆ ಬಂತು. ಮ್ಯಾಗ್ನೆಟ್ ಬಿಚ್ಚಿ ಸೋಪು ನೀರು ಹಚ್ಚಿದೆವು. ಎಡಗಡೆ ಸೀಲಿನ ಸುತ್ತ ಬುರುಗು ಎದ್ದಿತು. ಪಿಸ್ಟನ್ ತಿಂದದ್ದು ಒಂದು ರಬ್ಬರ್ ಬಳೆ!

ನಾನು ಹೊಸ ಸೀಲ್ ತರಲು ಹೊರಟೆ. ಇಕ್ಕಾ ತಡೆದರು. "ಸೀಲ್ ಯಾಕೆ ಹೋಯ್ತು?" ಅಂದರು.

ನನ್ನ ಬದುಕಿನಲ್ಲಿ ಕೇಳಿದ ಅತಿ ಒಳ್ಳೇ ಪ್ರಶ್ನೆ ಅದು. ಎಂಜಿನ್ ಪೂರ್ತಿ ಬಿಚ್ಚಿದೆವು. ಬ್ಯಾನ್‌ಶೀಯ ಕ್ರ್ಯಾಂಕ್ ಒಂದೇ ತುಂಡಲ್ಲ. ಬಿಲ್ಲೆಗಳನ್ನೂ ಪಿನ್ನುಗಳನ್ನೂ ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿದ್ದು. ಜೋರಾಗಿ ಓಡುವಾಗ ಪಿಸ್ಟನ್ ಸೀಜ್ ಆದರೆ, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ, ಆ ಜೋಡಣೆ ಕೂದಲೆಳೆಯಷ್ಟು ತಿರುಗುತ್ತದೆ. ವಿ ಬ್ಲಾಕಿನ ಮೇಲೆ ಇಟ್ಟು ಡಯಲ್ ಗೇಜ್ ಮುಟ್ಟಿಸಿದಾಗ ಮ್ಯಾಗ್ನೆಟ್ ಕಡೆಯ ತುದಿ 0.15 ಮಿಲಿಮೀಟರ್ ಓಲಾಡುತ್ತಿತ್ತು. 0.05ರ ಒಳಗೆ ಇರಬೇಕು. ಓಲಾಡುವ ಶಾಫ್ಟ್ ಯಾವ ಸೀಲನ್ನೂ ಬಾಳಿಸುವುದಿಲ್ಲ. ಮೊದಲ ಸಲ ಪಿಸ್ಟನ್ ಹೋದದ್ದು ಜೆಟ್ ಬದಲಾಯಿಸದೆ ಪೈಪ್ ಹಾಕಿದ್ದಕ್ಕೆ ಇರಬೇಕು. ಆಗ ಕ್ರ್ಯಾಂಕ್ ತಿರುಗಿತು. ಅದನ್ನು ಯಾರೂ ನೋಡಲಿಲ್ಲ. ಕ್ರ್ಯಾಂಕ್ ಸೀಲನ್ನು ತಿಂದಿತು, ಸೀಲು ಪಿಸ್ಟನ್ನನ್ನು ತಿಂದಿತು. ನಾವು ಬರೀ ಸೀಲ್ ಹಾಕಿ ಕಳಿಸಿದ್ದರೆ ನಾಲ್ಕನೇ ಪಿಸ್ಟನ್ ನಮ್ಮ ಹೆಸರಿನಲ್ಲಿ ಹೋಗುತ್ತಿತ್ತು.

ಕ್ರ್ಯಾಂಕನ್ನು ತಾಮ್ರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಸರಿ ಮಾಡಿದೆವು. ಒಂದು ಏಟು, ಒಂದು ಸಲ ಗೇಜು. ಮಧ್ಯಾಹ್ನ ಶುರು ಮಾಡಿ ಸಂಜೆಯ ಮಗ್ರಿಬ್ ಬಾಂಗ್ ಕೇಳುವ ಹೊತ್ತಿಗೆ 0.03ಕ್ಕೆ ಬಂತು. ಮತ್ತೆ ತಿರುಗಬಾರದು ಅಂತ ಪಿನ್ನಿನ ತುದಿಗಳಿಗೆ ವೆಲ್ಡಿಂಗ್ ಮಾಡಿಸಿದೆವು. ಹೊಸ ಬೇರಿಂಗ್, ಹೊಸ ಸೀಲ್. ಬ್ಯಾನ್‌ಶೀಯ ಬೋರಿಗೆ ಎರಕದ ಕಬ್ಬಿಣದ ಸ್ಲೀವ್, ಅಂದರೆ ಒಳಗಿನ ಕೊಳವೆ, ಇರುವುದು ಒಂದು ದೊಡ್ಡ ಅನುಕೂಲ. ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಬೋರಿಂಗ್ ಆದ ಮೇಲೆ ಪೋರ್ಟಿನ ಅಂಚುಗಳನ್ನು ಸಣ್ಣಗೆ ಉಜ್ಜಿ ಮೊಂಡು ಮಾಡುವುದನ್ನು ಮರೆಯಬೇಡಿ. ಚೂಪು ಅಂಚಿಗೆ ರಿಂಗ್ ಸಿಕ್ಕಿದರೆ ಮಾಡಿದ ಕೆಲಸವೆಲ್ಲ ಹಾಳು.

ಈಗ ಪವರ್ ವಿಷಯ. ನೀವೆಲ್ಲ ಇದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ಟೂ ಸ್ಟ್ರೋಕಿನಲ್ಲಿ ಪವರ್ ಹೆಚ್ಚಿಸುವ ಅತಿ ದೊಡ್ಡ ಭಾಗ ಎಂಜಿನ್ನಿನ ಒಳಗಿಲ್ಲ, ಹೊರಗೆ ನೇತಾಡುವ ಆ ದಪ್ಪ ಪೈಪಿನಲ್ಲಿದೆ. ಅದು ಬರೀ ಹೊಗೆ ಬಿಡುವ ಕೊಳವೆಯಲ್ಲ. ಎಕ್ಸಾಸ್ಟ್ ಪೋರ್ಟ್ ತೆರೆದ ಕೂಡಲೇ ಒತ್ತಡದ ಒಂದು ಅಲೆ ಪೈಪಿನೊಳಗೆ ಓಡುತ್ತದೆ. ಪೈಪ್ ಅಗಲವಾಗುವ ಜಾಗದಲ್ಲಿ ಅದರಿಂದ ಎಳೆಯುವ ಅಲೆ ವಾಪಸ್ ಬಂದು, ಸಿಲಿಂಡರಿನ ಹೊಗೆಯನ್ನು ಹೊರಗೆಳೆದು ಹೊಸ ಪೆಟ್ರೋಲ್ ಗಾಳಿಯನ್ನು ಮೇಲೆ ತರುತ್ತದೆ. ಅದರಲ್ಲಿ ಸ್ವಲ್ಪ ಪೈಪಿನೊಳಗೂ ಹೋಗಿಬಿಡುತ್ತದೆ. ಅಷ್ಟರಲ್ಲಿ ಪೈಪ್ ಸಣ್ಣದಾಗುವ ತುದಿಯಿಂದ ತಳ್ಳುವ ಅಲೆ ಬಂದು, ಪೋರ್ಟ್ ಮುಚ್ಚುವ ಮೊದಲು, ಹೋದದ್ದನ್ನು ಮತ್ತೆ ಸಿಲಿಂಡರಿಗೆ ತುರುಕುತ್ತದೆ. ಇದೆಲ್ಲ ನಡೆಯುವುದಕ್ಕೆ 8,500 ಆರ್‌ಪಿಎಂನಲ್ಲಿ ಸಿಗುವ ಹೊತ್ತು ಎಷ್ಟು ಗೊತ್ತಾ? ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು ನಾಲ್ಕು ಭಾಗ.

ಇದನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ದುಡ್ಡಿಲ್ಲದ ದೇಶ, ಸಣ್ಣ ವರ್ಕ್‌ಶಾಪು. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಹಾರ್ಸ್‌ಪವರ್ ಕೊಡುತ್ತಿತ್ತು. ನಮ್ಮ ಆರ್‌ಎಕ್ಸ್ 100 ಕೊಡುತ್ತಿದ್ದದ್ದು 11, ನೆನಪಿರಲಿ. ಅದೇ ವರ್ಷ ಸ್ವೀಡನ್ನಿನ ರೇಸಿಗೆ ಹೋದ ಅವರ ಸವಾರ ಎರ್ನ್ಸ್ಟ್ ಡೆಗ್ನರ್ ವಾಪಸ್ ಊರಿಗೆ ಹೋಗಲಿಲ್ಲ. ಸುಜುಕಿ ಸೇರಿದರು. ತಲೆಯಲ್ಲಿದ್ದ ಆ ವಿದ್ಯೆಯೂ ಅವರ ಜೊತೆ ಹೋಯ್ತು. ಮರುವರ್ಷವೇ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್. ಇವತ್ತು ಓಡುವ ಯಾವುದೇ ಟೂ ಸ್ಟ್ರೋಕ್ ರೇಸ್ ಪೈಪಿನಲ್ಲಿ ಕಾಡೆನ್ ಕೆಲಸ ಇದೆ. ಅವರ ಹೆಸರು ಜಾಸ್ತಿ ಜನರಿಗೆ ಗೊತ್ತಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಪೈಪ್ ಬದಲಾದರೆ ಎಂಜಿನ್ ಜಾಸ್ತಿ ಗಾಳಿ ಎಳೆಯುತ್ತದೆ. ಜಾಸ್ತಿ ಗಾಳಿಗೆ ಜಾಸ್ತಿ ಪೆಟ್ರೋಲ್ ಬೇಕು. ಬ್ಯಾನ್‌ಶೀಯಲ್ಲಿ ಕಂಪನಿಯ ಮೇನ್ ಜೆಟ್ 200 ನಂಬರಿನದು. ನಾವು ಪೈಪ್, ಫಿಲ್ಟರ್ ಬದಲಾಯಿಸಿದ ಗಾಡಿಗೆ 300ರಿಂದ ಶುರು ಮಾಡಿ ಹತ್ತು ಹತ್ತು ಇಳಿಸುತ್ತಾ ಬಂದೆವು. ಯಾವಾಗಲೂ ದೊಡ್ಡದರಿಂದ ಕೆಳಗೆ ಬನ್ನಿ. ಪೆಟ್ರೋಲ್ ಜಾಸ್ತಿಯಾದರೆ ಎಂಜಿನ್ ಗೊರಗೊರ ಅನ್ನುತ್ತದೆ, ಪ್ಲಗ್ ಕಪ್ಪಾಗುತ್ತದೆ, ಅಷ್ಟೇ. ಕಮ್ಮಿಯಾದರೆ ಈಗ ನಿಮ್ಮ ಕೈಯಲ್ಲಿ ಓಡಾಡುತ್ತಿರುವ ಪಿಸ್ಟನ್ ಆಗುತ್ತದೆ. ಪ್ರತಿ ಸಲವೂ ಹೊಸ ಪ್ಲಗ್ ಹಾಕಿ, ಟಾಪ್ ಗೇರಿನಲ್ಲಿ ಫುಲ್ ರೇಸ್ ಕೊಟ್ಟು, ಹಾಗೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ತೆಗೆದು ನೋಡಬೇಕು. ಪಿಂಗಾಣಿಯ ಬುಡದಲ್ಲಿ ಕಂದು ಉಂಗುರ ಕಂಡರೆ ಸರಿ.

ಮರಳುಗಾಡಿನಲ್ಲಿ ಇನ್ನೊಂದು ತೊಂದರೆ ಇದೆ. ಮಧ್ಯಾಹ್ನ 40 ಡಿಗ್ರಿ ಬಿಸಿಲಿನಲ್ಲಿ ಜೆಟ್ ಸೆಟ್ ಮಾಡಿ ಕೊಟ್ಟಿರುತ್ತೇವೆ. ಚಳಿಗಾಲದ ರಾತ್ರಿ 15 ಡಿಗ್ರಿಯಲ್ಲಿ ಅದೇ ಗಾಡಿ ದಿಬ್ಬ ಹತ್ತುತ್ತದೆ. ತಣ್ಣನೆ ಗಾಳಿ ದಟ್ಟ. ಈ ಎರಡರ ನಡುವೆ ಗಾಳಿಯ ತೂಕ ಶೇಕಡಾ 8ಕ್ಕಿಂತ ಜಾಸ್ತಿ ಏರುತ್ತದೆ. ಜೆಟ್ ಮಾತ್ರ ಅದೇ. "ರಾತ್ರಿ ಗಾಡಿ ಏನು ಪಿಕಪ್ ಕೊಡ್ತು ಗೊತ್ತಾ!" ಅಂತ ಸಂತೋಷದಲ್ಲಿ ಬಂದ ಗಿರಾಕಿಯನ್ನು ನೋಡಿದರೆ ನಮಗೆ ಎದೆ ಧಸಕ್ ಅನ್ನುತ್ತಿತ್ತು. ಲೀನ್ ಆಗಿ ಸಾಯುವ ಮೊದಲು ಎಂಜಿನ್ ಚೆನ್ನಾಗಿಯೇ ಓಡುತ್ತದೆ.

ಹೆಡ್ಡಿನ ಬಗ್ಗೆ ಸ್ವಲ್ಪ. ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗವನ್ನು ಸ್ಕ್ವಿಷ್ ಅಂತಾರೆ. ಬೆಸುಗೆ ಹಾಕುವ ಸೀಸದ ತಂತಿಯನ್ನು ಪ್ಲಗ್ ತೂತಿನಿಂದ ಅಂಚಿನವರೆಗೆ ಇಳಿಸಿ, ಕೈಯಲ್ಲೇ ಎಂಜಿನ್ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಿರಿ. ಪಿಸ್ಟನ್ ಪಿನ್ನಿನ ನೇರಕ್ಕೆ ಎರಡೂ ಬದಿ ನೋಡಬೇಕು, ಇಲ್ಲವಾದರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಕೊಡುತ್ತದೆ. ನಾವು 1.1 ಮಿಲಿಮೀಟರ್ ಇಟ್ಟೆವು. ಅಲ್ಲಿ 98 ಆಕ್ಟೇನ್ ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ. ಆದರೂ ಕಂಪ್ರೆಷನ್ 150 ಪಿಎಸ್‌ಐ ದಾಟಿಸಲಿಲ್ಲ. ಹುಡುಗನ ಹಳೇ ಹೆಡ್ ಅದಕ್ಕಿಂತ ಜಾಸ್ತಿ ಇತ್ತು. ತೆಗೆದು ಕೊಟ್ಟೆವು.

ಪೋರ್ಟಿಂಗ್, ಅಂದರೆ ಪೋರ್ಟುಗಳನ್ನು ಕೊರೆದು ದೊಡ್ಡದು ಮಾಡುವುದು, ಅವನಿಗೆ ಬೇಕಿತ್ತು, ನಾವು ಬೇಡ ಅಂದೆವು. ಎಕ್ಸಾಸ್ಟ್ ಪೋರ್ಟನ್ನು ಒಂದೇ ಒಂದು ಮಿಲಿಮೀಟರ್ ಮೇಲಕ್ಕೆ ಕೊರೆದರೆ ಅದು ತೆರೆದಿರುವ ಹೊತ್ತು ಸುಮಾರು 4 ಡಿಗ್ರಿ ಜಾಸ್ತಿಯಾಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಪವರ್ ಬರುತ್ತದೆ, ಕೆಳಗೆ ಹೋಗುತ್ತದೆ. ಮರಳಿನಲ್ಲಿ ಕೆಳಗಿನ ಪವರ್ ಇಲ್ಲದೆ ಹೊರಟರೆ ಗಾಡಿ ಹೂತುಕೊಳ್ಳುತ್ತದೆ. ಕೊರೆದದ್ದನ್ನು ಮತ್ತೆ ಅಂಟಿಸುವುದಕ್ಕೂ ಆಗುವುದಿಲ್ಲ. ಸ್ಟ್ರೋಕ್ 4 ಮಿಲಿಮೀಟರ್ ಹೆಚ್ಚಿಸುವ ಕ್ರ್ಯಾಂಕೂ ಸಿಗುತ್ತದೆ. ಅದನ್ನು ಹಾಕಿದರೆ 347 ಹೋಗಿ 373 ಸಿಸಿ ಆಗುತ್ತದೆ. ಒಳ್ಳೆಯದೇ, ಆದರೆ ಪಿಸ್ಟನ್ 2 ಮಿಲಿಮೀಟರ್ ಮೇಲೆ ಬರುತ್ತದೆ. ಹೆಡ್, ಪೋರ್ಟ್, ಜೆಟ್ ಎಲ್ಲದರ ಲೆಕ್ಕವೂ ಮೊದಲಿನಿಂದ ಹಾಕಬೇಕು.

ಫಿಲ್ಟರ್ ಡಬ್ಬದ ಮುಚ್ಚಳವನ್ನು ನಾವೇ ವಾಪಸ್ ಹಾಕಿ, ಗಾಳಿಗೆ ತೂತು ಕೊರೆದು, ತೂತಿಗೆ ಬಲೆ ಕಟ್ಟಿದೆವು. ಅಲ್ಲಿಯ ಮರಳು ನಮ್ಮ ಕೋಡಿ ಬೀಚಿನ ಮರಳಿನ ಹಾಗಲ್ಲ, ಹಿಟ್ಟಿನ ಹಾಗೆ. ಫೋಮ್ ಫಿಲ್ಟರಿಗೆ ಎಣ್ಣೆ ಹಚ್ಚದೆ ಓಡಿಸಿದರೆ ಒಂದೇ ದಿನದಲ್ಲಿ ರಿಂಗ್ ಮುಗಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಮತ್ತೆ ಲೀಕ್ ಟೆಸ್ಟ್. 6 ನಿಮಿಷ ಮುಳ್ಳು ಕದಲಲಿಲ್ಲ. ಆ ಆರು ನಿಮಿಷ ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ.

ಹುಡುಗ ಬಿಗ್ ರೆಡ್ಡಿಗೆ ಹೋಗಿ ಬಂದ. ಮೊದಲಿಗಿಂತ ಕಮ್ಮಿ ಕಂಪ್ರೆಷನ್, ಅದೇ ಪೈಪ್. ಆದರೂ ಮೊದಲ ಸಲ ನಿಲ್ಲದೆ ತುದಿಗೆ ಹತ್ತಿದ್ದ. ಎರಡೂ ಸಿಲಿಂಡರ್ ಒಂದೇ ಥರ ದುಡಿಯುತ್ತಿದ್ದವು, ಅಷ್ಟೇ ವಿಷಯ. ಆಮೇಲೆ ನಾನಿದ್ದ ಮೂರು ಸೀಸನ್ನಿನಲ್ಲೂ ಅವನು ಸರ್ವಿಸಿಗೆ ಬಂದ, ಪಿಸ್ಟನ್ ಕೇಳಿಕೊಂಡು ಬರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.

ಆಯಿಲ್ ಜಾಸ್ತಿ ಬೆರೆಸಿದರೆ ಎಂಜಿನ್ ಸೇಫ್ ಅಲ್ವಾ ಅಂತ ಕೇಳ್ತಿದ್ದೀರಿ. ಒಂದು ಮಟ್ಟದವರೆಗೆ. ನಾವು 32ಕ್ಕೆ 1 ಬೆರೆಸುತ್ತಿದ್ದೆವು, ಅಂದರೆ 5 ಲೀಟರ್ ಪೆಟ್ರೋಲಿಗೆ ಸುಮಾರು 156 ಎಂಎಲ್. ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಆಯಿಲ್ ಜಾಸ್ತಿ ಹೋದಷ್ಟೂ ಪೆಟ್ರೋಲ್ ಕಮ್ಮಿ ಹೋಗುತ್ತದೆ. ಆಯಿಲ್ ಹೆಚ್ಚಿಸಿದರೆ ಮಿಕ್ಸ್ಚರ್ ಲೀನ್ ಆಗುತ್ತದೆ. ಒಂದು ಅಳತೆ ಹಿಡಿದರೆ ಅದಕ್ಕೇ ಜೆಟ್ ಸೆಟ್ ಮಾಡಿ, ಮತ್ತೆ ಬದಲಾಯಿಸಬೇಡಿ.

ಹಿಂದೆ ಕೂತ ತಂಗಿ, ನಿನ್ನ ಪ್ರಶ್ನೆ? ಲೀಕ್ ಟೆಸ್ಟಿನ ಸಾಮಾನು ಎಲ್ಲಿ ಸಿಗುತ್ತದೆ ಅಂತ. ಒಳ್ಳೇ ಪ್ರಶ್ನೆ. ಕೊಳ್ಳಬೇಕಾಗಿಲ್ಲ. ನಾನು ಮಾಡಿಕೊಂಡದ್ದು ಇಲ್ಲಿದೆ. ಡಾಕ್ಟರು ಬಿಪಿ ನೋಡುತ್ತಾರಲ್ಲ, ಅದರ ಒತ್ತುವ ಬಲ್ಬು ಮತ್ತು ಗೇಜು. ಅದರಲ್ಲಿ 300ರ ಗೆರೆ ಅಂದರೆ ಹೆಚ್ಚು ಕಮ್ಮಿ 6 ಪಿಎಸ್‌ಐ. ಉಳಿದದ್ದು ಸೈಕಲ್ ಟ್ಯೂಬು, ಪಿವಿಸಿ ಪೈಪಿನ ಮುಚ್ಚಳ, ಎರಡು ಕ್ಲಿಪ್ಪು.

ಹೊರಗೆ ನಿಮ್ಮ ಮೇಷ್ಟ್ರು ಒಂದು ಆರ್‌ಎಕ್ಸ್ 100 ನಿಲ್ಲಿಸಿದ್ದಾರೆ. ರೇಸ್ ಬಿಟ್ಟರೂ ಕೂಗುತ್ತದೆ ಅಂದರು. ಬನ್ನಿ, ಯಾರಾದರೂ ಒಂದು ಲೋಟ ಸೋಪು ನೀರು ತನ್ನಿ.